ಮೊಳೆಯ ಕರಾರು

ಬೆರಳುದ್ದದ ಹಸಿರು ಡಾಂಗಲ್.
ಅದನ್ನು ಕಂಪ್ಯೂಟರಿನ ಪಕ್ಕೆಗೆ ಚುಚ್ಚಿದರೆ ಮಾತ್ರ
ನನ್ನ ಪ್ಯಾಂಟು ನನಗೆ ಕಾಣುತ್ತಿತ್ತು.

ಏಪ್ರಿಲ್ ಒಂದಕ್ಕೆ ಅದರ ಕಣ್ಣು ಆರಿತು.
ಪರದೆಯಲ್ಲಿ ಒಂದೇ ಸಾಲು: ಪರವಾನಗಿ ಮುಗಿದಿದೆ.
ಹನ್ನೊಂದು ವರ್ಷ ತಿದ್ದಿದ ಆಸನದ ಬಾಗು, ಜೇಬಿನ ಓರೆ,
ಇಪ್ಪತ್ತೆಂಟರಿಂದ ನಲವತ್ತರವರೆಗಿನ ಸೊಂಟಗಳೆಲ್ಲ ಒಳಗೆ.
ನಾನು ಹೊರಗೆ.
ಕೌಲ್ ಬಜಾರಿನ ಬಿಸಿಲಿಗೆ ತಲೆಯ ಮೇಲಿನ ತಗಡು ಟಕಟಕ ಹಿಗ್ಗುತ್ತ,
ಕೆಳಗೆ ಹದಿನಾರು ಮಿಷನ್ನು ಕಟಿಂಗಿಗೆ ಕಾದು ಕೂತು,
ಹುಲಿಗೆಮ್ಮ ಇದ್ದ ಬಾಬಿನ್ನೆಲ್ಲ ತುಂಬಿಟ್ಟು
ಚಾ ಕುಡಿಯಲು ಎದ್ದು ಹೋದಳು.

ಡೀಲರ ಹುಡುಗ ಫೋನಿನಲ್ಲಿ ಮೆತ್ತಗಿದ್ದ.
"ಹಳೇದು ನಿಂತೈತೆ ಸಾರ್. ಹೊಸದು ತಿಂಗಳ ಬಾಡಿಗೆ."
ಬ್ಯಾರೇದು ತಗೊಂಡ್ರೆ?
"ತಗೊಳ್ರಿ ಸಾರ್, ಯಾರ್ ಬ್ಯಾಡ ಅಂತಾರೆ.
ನಿಮ್ಮ ಫೈಲು ಅದ್ರಾಗ ತೆರೆಯಂಗಿಲ್ಲ, ಅಷ್ಟೇ."
ಬಾಗಿಲು ಹಾರು ಹೊಡೆದೇ ಇತ್ತು.
ಬೀಗ ಬಿದ್ದದ್ದು ಸಾಮಾನಿಗೆ.

ಮೊದಲು ಎರಡು ಕಂಪನಿ ಇದ್ದವು.
ಒಂದು ಇನ್ನೊಂದನ್ನು ಕೊಂಡ ವರ್ಷ ದೀಪಾವಳಿಗೆ ಮಿಠಾಯಿ ಡಬ್ಬಿ ಬಂತು,
ಮರುವರ್ಷ ಬರೀ ದರಪಟ್ಟಿ.
ತರಬೇತಿ ಕೇಂದ್ರಕ್ಕೆ ಪುಕ್ಕಟೆ ಕೊಟ್ಟಿದ್ದರು; ದಾನವೆಂದೇ ತಿಳಿದು
ಉದ್ಘಾಟನೆಗೆ ಹೋಗಿ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ.
ಈಗ ಊರಿನ ಯಾವ ಹುಡುಗನ ಬೆರಳಿಗೂ
ಬೇರೆ ಗುಂಡಿ ಗೊತ್ತಿಲ್ಲ.

*

ಶೇಕ್ಷಾವಲಿ ಮಾಸ್ಟರರ ಅಂಗಡಿಯ ಗೋಡೆಗೊಂದು ಮೊಳೆ ಇತ್ತು,
ನಾಲ್ಕಿಂಚಿನದು, ಭಾರಕ್ಕೆ ತುಸು ಬಾಗಿದ್ದು.
ಅದಕ್ಕೆ ರಟ್ಟಿನ ಮಾದರಿಗಳು,
ಕೈಕಾಲು ಬಿಚ್ಚಿಟ್ಟ ತೊಗಲುಗೊಂಬೆಗಳ ಹಾಗೆ.
ಯಾರು ಬಂದು ಕೇಳಿದರೂ ಬಾಯಲ್ಲಿನ ಸೀಮೆಸುಣ್ಣ ತೆಗೆದು ಹೇಳುತ್ತಿದ್ದರು:
"ಒಯ್ಯಿ. ಕೊರಿ, ಹೊಲಿ, ಮಾರು, ರೊಕ್ಕ ಮಾಡ್ಕೋ.
ತಿದ್ದಿದ್ಯೋ, ತಿದ್ದಿದ್ದನ್ನ ತಂದು ಇದೇ ಮೊಳೆಗೆ ಹಾಕು.
ಹಿಂದ್ಗಡೆ ನಿನ್ನ ಹೆಸ್ರು ಬರಿ. ನಂದು ಅಳಿಸಬ್ಯಾಡ."

ಮಾದರಿಯ ಬೆನ್ನಿಗೆ ಪೆನ್ಸಿಲ್ಲಿನಲ್ಲಿ:
ಶೇಕ್ಷಾವಲಿ.
ಎರ್ರಿಸ್ವಾಮಿ, ಮೊಣಕಾಲು ಕಾಲಿಂಚು ಒಳಗೆ.
ಗೌಸ್‌ಪೀರ್, ಹಿಂದಿನ ಜೇಬು ಮೇಲಕ್ಕೆ.
ಅದರ ಕೆಳಗೆ, ಹದಿನೇಳು ವಯಸ್ಸಿನ ಅಕ್ಷರದಲ್ಲಿ, ನಾನು.

ಒಬ್ಬ ಒಯ್ದವನು ಮೊಹರು ಹೊಡೆಸಿದ, ಹಕ್ಕು ತನ್ನದೆಂದು.
ಮಾಸ್ಟರ್ ಜಗಳಕ್ಕೆ ಹೋಗಲಿಲ್ಲ.
ಹೊಸ ಮೊಳೆಯೊಂದನ್ನು ಕಾಗದದಲ್ಲಿ ಸುತ್ತಿ ಕಳಿಸಿದರು.
ಅವನು ಅದಕ್ಕೆ ಅಂಗಿ ನೇತುಹಾಕುತ್ತಾನೆಂದು ಸುದ್ದಿ.

*

ಮಾಸ್ಟರರ ಮೊಮ್ಮಗಳು ತಸ್ಲೀಮಾ ಲ್ಯಾಪ್‌ಟಾಪ್ ತಂದಳು.
ಯಾರ್ಯಾರೋ ಸೇರಿ ಬರೆದ ತಂತ್ರಾಂಶವಂತೆ, ಡಾಂಗಲ್ ಬೇಡವಂತೆ.
ಕರಾರು ಓದಿ ಹೇಳು ಅಂದೆ. ಉದ್ದಕ್ಕಿತ್ತು.
ಒಂದೊಂದೇ ಕಲಮು ಅವಳು ಬಿಡಿಸುತ್ತ ಹೋದಂತೆ
ನಡುವೆಲ್ಲೋ ಸೀಮೆಸುಣ್ಣದ ವಾಸನೆ.

ಸಲೀಸಾಗಲಿಲ್ಲ. ಪ್ಲಾಟರ್ ಮೂರು ದಿನ ಮಾತು ಕೇಳಲಿಲ್ಲ.
ಒಳಗೆ ಸಿಕ್ಕ ಬಾಗುಗಳು ಹೊರಬರಲೇ ಇಲ್ಲ.
ಕೊನೆಗೆ ಗೋದಾಮಿನಿಂದ ನಮ್ಮದೇ ಪ್ಯಾಂಟು ತಂದು
ಹುಲಿಗೆಮ್ಮ ಬ್ಲೇಡಿನಲ್ಲಿ ಹೊಲಿಗೆ ಹೊಲಿಗೆಯಾಗಿ ಬಿಚ್ಚಿದಳು,
ತಾನೇ ಹಾಕಿದ ಹೊಲಿಗೆ, ಬೈಯುತ್ತ.
ಮೇಜಿನ ಮೇಲೆ ಹರವಿ ಅಂಚು ಎಳೆದೆ.
ತೊಳೆತಕ್ಕೆ ಕುಗ್ಗಿದ ಅರ್ಧ ಇಂಚನ್ನು
ಕೈಯ ನೆನಪಿನಿಂದ ಕೂಡಿಸಿದೆ.

ನಿನ್ನೆ ಮುಗಿಯಿತು. ತಸ್ಲೀಮಾ ಕೇಳಿದಳು,
"ಎಲ್ಲಾರಿಗೂ ಸಿಗೋ ಹಂಗ ಹಾಕ್ಲಾ ಚಾಚಾ?
ಕರಾರಿನಾಗ ಇದು ಕಡ್ಡಾಯ ಇಲ್ಲ. ನಕ್ಷೆ ನಿಮ್ದೇ."

ಕಿಟಕಿಯಾಚೆ ಜಡೆಪ್ಪನ ಶೆಡ್ಡು.
ನನಗಿಂತ ಎರಡು ಮಿಷನ್ನು ಹೆಚ್ಚು, ಪೀಸಿಗೆ ನಾಲ್ಕು ರೂಪಾಯಿ ಕಡಿಮೆ.
ನಾಳೆ ಬೆಳಿಗ್ಗೆಯೇ ನನ್ನ ಬಾಗನ್ನು ಹೊಲಿಯುತ್ತಾನೆ.
ಚಾ ಆರುವ ತನಕ ಕೂತೆ.

ಹಾಕು.
ಹೊಲೀಲಿ.
ಅವನ ಹೊಲಿಗೆ ನಾನು ನೋಡೀನಿ.