ಕೂಗಳತೆ

ದೂರ ಎಷ್ಟು ಎಂದು ಕೇಳಿದಳು ಬೊಲುಂಬು,
ಕಿನ್ಶಾಸಾದಿಂದ ಬ್ರಾಝವಿಲ್‌ಗೆ.
ಬೆರಳ ತುದಿಯಲ್ಲಿ ಹೊಗೆಮೀನಿನ ವಾಸನೆ,
ಸೊಂಟದ ಬಟ್ಟೆಯ ಗಂಟಿನಲ್ಲಿ ನೋಟಿನ ಸುರುಳಿ.
ನಾನು ಎರಡೂ ಊರಿನ ಹೆಸರು ಒತ್ತಿದೆ.
ಯಂತ್ರ ತುಸು ಹೊತ್ತು ಯೋಚಿಸಿತು.

ನಡುವೆ ಇರುವುದು ಒಂದು ಹೊಳೆ, ಅಷ್ಟೆ.
ಎರಡು ಬಾವುಟ, ಎರಡು ರಾಜಧಾನಿ,
ಸೊಳ್ಳೆ ಮಾತ್ರ ಒಂದೇ.
ಗಾಳಿ ಈ ಕಡೆ ತಿರುಗಿದ ಭಾನುವಾರ
ಅವರ ಇಗರ್ಜಿಯ ಡೋಲಿಗೆ
ನಮ್ಮ ಬೀದಿಯ ಮಕ್ಕಳು ಕುಣಿಯುತ್ತವೆ.
ಬೆಳಿಗ್ಗೆ ನಮ್ಮ ದಡಕ್ಕೆ ಒರಗಿದ್ದ ಅಂತರಗಂಗೆ
ಮಧ್ಯಾಹ್ನಕ್ಕೆ ಅವರ ದಡದಲ್ಲಿ ಹೂಬಿಟ್ಟಿರುತ್ತದೆ.

ಆದರೆ ದೋಣಿಕಟ್ಟೆಗೆ ಬೀಗ ಬಿದ್ದು ಆರು ವಾರ.
ದೊಡ್ಡವರ ನಡುವೆ ಮಾತು ಬಂದಿತ್ತಂತೆ.
ಏನು ಮಾತೆಂದು ರೇಡಿಯೋ ದಿನಕ್ಕೊಂದು ಹೇಳಿತು.
ಆಚೆ, ಮಗಳು ಎಕಿಲಾಗೆ ದಿನ ತುಂಬಿತ್ತು.

ನೇರ ವಿಮಾನ ಇಲ್ಲ, ಎಂದೆ.
ಅಡಿಸ್ ಅಬಾಬಾಗೆ ನಾಲ್ಕು ಗಂಟೆ,
ಅಲ್ಲಿ ಒಂಬತ್ತು ಗಂಟೆ ಕಾಯಬೇಕು,
ಮತ್ತೆ ನಾಲ್ಕು ಗಂಟೆ ಹಿಂದಕ್ಕೆ.
ಒಟ್ಟು ಐದೂವರೆ ಸಾವಿರ ಕಿಲೋಮೀಟರು, ಹತ್ತಿರ ಹತ್ತಿರ.

ಅವಳು ನಗಲಿಲ್ಲ.
'ಹೊಳೆ ಅಷ್ಟು ಅಗಲ ಆಯಿತಾ?' ಎಂದಳು.

ಬೆನ್ನ ಹಿಂದಿನಿಂದ ಕೈ ತಂದು ಮೂಗು ಹಿಡಿದ ಹಾಗೆ,
ಎಂದೇನೋ ಅಂದೆ. ಎಂಟು ತಿಂಗಳ ಮೀನಿನ ದುಡ್ಡು
ಮೇಜಿನ ಮೇಲೆ ಎಣಿಸಿಟ್ಟಳು, ಎರಡು ಸಲ.
ಅದರಲ್ಲಿ ನನ್ನ ಕಮಿಷನ್ನೂ ಇತ್ತು.
ಅದನ್ನು ಹೇಳಲಿಲ್ಲ.

ಉಳಿದದ್ದು ಅವಳು ಹೇಳಿದ್ದು, ಫೋನಿನಲ್ಲಿ:
ಅಡಿಸ್‌ನ ಚಳಿಗೆ ಮಗಳಿಗೆಂದು ತಂದ ಬಟ್ಟೆಯನ್ನೆಲ್ಲ
ಒಂದರ ಮೇಲೊಂದು ಸುತ್ತಿಕೊಂಡಳಂತೆ.
ಗಡಿಯಾರ ಎರಡು ಗಂಟೆ ಮುಂದೆ ಓಡಿತ್ತು,
ಬರುವಾಗ ಆ ಎರಡು ಗಂಟೆ ತಿರುಗಿ ಕೊಟ್ಟರಂತೆ,
ಚಿಲ್ಲರೆ ಕೊಟ್ಟ ಹಾಗೆ.
ಎಲೆಯಲ್ಲಿ ಕಟ್ಟಿದ ಕ್ವಾಂಗಾ ನೋಡಿ
'ಇದೇನು?' ಅಂದನಂತೆ ತಪಾಸಣೆಯ ಹುಡುಗ.
'ಮರಗೆಣಸಿನ ರೊಟ್ಟಿ, ಪಕ್ಕದ ಊರಿಗೆ' ಅಂದಳಂತೆ.

'ಮೊಮ್ಮಗಳು ಹುಟ್ಟಿದಳು.
ನಾನು ಮೋಡದ ಮೇಲೆ ಕೂತು
ಅನ್ನದ ಡಬ್ಬಿಯ ಮುಚ್ಚಳ ಎಳೆಯುತ್ತಿದ್ದೆ, ಆಗ.'

ಸ್ವಲ್ಪ ಹೊತ್ತು ಬರೀ ಹೊಳೆಯ ಮೊರೆತ.
ಅವಳ ಕಿವಿಯದೋ, ನನ್ನ ಕಿವಿಯದೋ.

ಆಮೇಲೆ ದನಿ ಬದಲಿಸಿದಳು, ಮನೆಯೊಡತಿಯ ದನಿ:
'ಇಲ್ಲಿ ಜಗಲಿಯ ಮೇಲಿಂದ ನನ್ನ ಹಿತ್ತಿಲು ಕಾಣುತ್ತೆ ಕಣೋ.
ಹಗ್ಗದ ಮೇಲೆ ಕೆಂಪು ಬಟ್ಟೆ ಬಿಟ್ಟು ಬಂದಿದೀನಿ.
ನಿಮ್ಮ ಕಡೆ ಮಳೆ ಬರೋ ಹಾಗಿದೆ.
ಹೋಗಿ ತೆಗೆದಿಡ್ತೀಯಾ?'

ಅಂಗಡಿ ಮುಚ್ಚಿ ಹೋದೆ.
ಬಂಡೆಗಳ ಸಂದಿಯಲ್ಲಿ ನೀರು ಬೆಳ್ಳಗೆ ಒಡೆಯುವ
ಆ ಕಿರಿದಾದ ಜಾಗದಲ್ಲೇ ಅವಳ ಮನೆ.
ಕಡ್ಡಿ ಕಿತ್ತೆ, ಬಟ್ಟೆ ಬಿಚ್ಚಿದೆ.
ಆಚೆ ದಡದ ಮೇಲೆ ಏನೋ ಕದಲಿತು,
ಸಾಸಿವೆಯಷ್ಟು.

ಫೋನು ಮತ್ತೆ ಬಡಿದುಕೊಂಡಿತು.
'ಮಡಿಸಬೇಡ, ಇನ್ನೂ ಹಸಿ ಇದೆ' ಎಂದಳು.