ಮೂರನೆಯ ಡ್ರಮ್ಮು

ಅಂಕೋಬ್ರಾ ನದಿ ಈಗ ಹಾಲು ಹೆಚ್ಚಾದ ಚಹಾದ ಬಣ್ಣ.
ಮೊದಲು ಹೀಗಿರಲಿಲ್ಲ ಅನ್ನುವ ಮಾತನ್ನು
ನ್ಯಾರ್ಕೋವ ಆಡುವುದಿಲ್ಲ.
ಆಡಿದರೆ, ಮೇಲ್ದಂಡೆಯಲ್ಲಿ ಚಿನ್ನ ಜಾಲಿಸುವ ಹುಡುಗರಲ್ಲಿ
ಒಬ್ಬನ ಹೆಸರು ಬೋನ್ಸು ಎಂದೂ
ಅವನು ತನ್ನ ಹೊಟ್ಟೆಯಲ್ಲೇ ಹುಟ್ಟಿದವನೆಂದೂ
ಹೇಳಬೇಕಾಗುತ್ತದೆ.

ಆಕೆಯ ಕೈಗೆ ಗೊತ್ತಿರುವುದು ಕೋಕೋ.
ಕಾಯಿ ಒಡೆದು, ಬಿಳಿ ತೊಳೆ ಬಿಡಿಸಿ,
ಬಾಳೆಲೆ ಹೊದಿಸಿ ಆರು ದಿನ ಬೆವರಿಸಿ,
ಒಣಗಿಸಿ, ಮೂಟೆ ಹೊಲಿದು ಲಾರಿ ಹತ್ತಿಸಿದ ಮೇಲೆ
ಉಳಿಯುವುದು ಸಿಪ್ಪೆ.
ಒಂದು ಮೂಟೆ ಬೀಜಕ್ಕೆ ಹತ್ತು ಮೂಟೆ ಸಿಪ್ಪೆ,
ಮರದ ಬುಡದಲ್ಲೇ ಕೊಳೆತು
ಮುಂದಿನ ಕಾಯಿಗೆ ಕಪ್ಪು ರೋಗ ಹಚ್ಚುವ ಸಿಪ್ಪೆ.

ಅಜ್ಜಿಯ ಕಾಲದಲ್ಲಿ ಇದನ್ನೇ ಸುಟ್ಟು ಬೂದಿ ಮಾಡಿ
ಬೂದಿನೀರಿಗೆ ತಾಳೆಣ್ಣೆ ಬೆರೆಸಿ ಸೋಪು ಕುದಿಸುತ್ತಿದ್ದರು.
ಕರಿ ಸೋಪು. ಬಾಣಂತಿಗೂ ಅದೇ, ಹೆಣಕ್ಕೂ ಅದೇ.
"ಮೈ ತೊಳೆದದ್ದು ನೀರನ್ನೂ ತೊಳೆದೀತೇ?"
ಎಂದು ಆಕೆ ಕೇಳಿದ್ದಕ್ಕೆ
ಶಾಲೆಯ ಮೇಡಂ ಮನ್ಸಾ ನಗಲಿಲ್ಲ.

ಬೂದಿಯಾಗಬಾರದು, ಇದ್ದಿಲಾಗಬೇಕು,
ಅಷ್ಟೇ ಇಡೀ ವಿದ್ಯೆ.
ಎಣ್ಣೆ ಪೀಪಾಯಿಗೆ ಸಿಪ್ಪೆ ತುಂಬಿ, ಮುಚ್ಚಳ ಬಿಗಿದು
ಉಸಿರು ಕಟ್ಟಿಸಿ ಸುಡಬೇಕು.
ಮೊದಲ ಸಲ ಬರೀ ಬೂದಿ.
ಎರಡನೆಯ ಸಲ ಅರೆಬೆಂದ ಸಿಪ್ಪೆ, ಜೊತೆಗೊಂದು ಹಲ್ಲಿ.
ಮೂರನೆಯದನ್ನು ನೆನೆಯುವುದು ಬೇಡ, ಹುಬ್ಬು ಸುಟ್ಟಿತ್ತು.
ನಾಲ್ಕನೆಯದಕ್ಕೆ ಬಂತು: ಹಗುರ, ಕಡುಕಪ್ಪು,
ಉಗುರಲ್ಲಿ ತಟ್ಟಿದರೆ ಗಾಜಿನಂತೆ ಟಣ್ಣೆನ್ನುವ ಚೂರು.
ಇದಕ್ಕೆ ಮೈಯೆಲ್ಲ ಬಾಯಿ, ಅಂದಳು ಮನ್ಸಾ,
ಕಣ್ಣಿಗೆ ಕಾಣದ ಬಾಯಿ.

ಮೊದಲ ಡ್ರಮ್ಮಿನಲ್ಲಿ ನದಿ
ಒಂದು ರಾತ್ರಿ ಸುಮ್ಮನೆ ಕೂತು ಕೆಸರು ಬಿಡುತ್ತದೆ.
ಎರಡನೆಯದರಲ್ಲಿ ಜಲ್ಲಿ, ಮರಳು, ಇದ್ದಿಲು, ಮತ್ತೆ ಮರಳು;
ನಲ್ಲಿಯ ಬಾಯಿಗೆ ಹಳೇ ಬಟ್ಟೆಯ ಚೂರು.
ತೊಟಕ್. ತೊಟಕ್.
ಮೊದಲ ಬಿಂದಿಗೆ ತುಂಬುವಾಗ ಸಂಜೆಯಾಗಿತ್ತು.
ಕೋಳಿಗೆ ಕುಡಿಸಿದರು. ಕೋಳಿ ಸಾಯಲಿಲ್ಲ.
ಪಟ್ಟಣದ ಪ್ರಯೋಗಶಾಲೆಗೂ ಒಂದು ಬಾಟಲಿ ಹೋಯಿತು;
ಮೂರು ವಾರಕ್ಕೆ ಚೀಟಿ ಬಂತು,
ಪಾದರಸ ಹತ್ತರಲ್ಲಿ ಒಂಬತ್ತು ಪಾಲು ಇಲ್ಲ.
"ಉಳಿದ ಒಂದು?"
ಮನ್ಸಾ ಚೀಟಿ ಮಡಚಿದಳು, ಮತ್ತೆ ಬಿಡಿಸಿದಳು.
"ಇನ್ನೊಮ್ಮೆ ಸೋಸೋಣ."

ಇಲ್ಲ ಅಂದರೆ, ಎಲ್ಲಿ ಹೋಯಿತು?
ಕುಡಿದ ಇದ್ದಿಲಿಗೂ ಹೊಟ್ಟೆ ತುಂಬುತ್ತದೆ,
ಮಳೆಗೆ ಮುಂಚೆ ಬದಲಿಸಬೇಕು.
ಹಳೆಯದನ್ನು ತೋಟಕ್ಕೆ ಚೆಲ್ಲುವಂತಿಲ್ಲ,
ಒಲೆಗೆ ಹಾಕಿದರೆ ಹೊಗೆಯಲ್ಲಿ ಎದ್ದು ಬರುತ್ತದೆ,
ಹೂತರೆ ಬಾವಿ ಹುಡುಕಿಕೊಂಡು ಹೊರಡುತ್ತದೆ.
ಹಾಗಾಗಿ ಮೂರನೆಯ ಡ್ರಮ್ಮು.
ನೀಲಿ ಪ್ಲಾಸ್ಟಿಕ್ಕಿನದು, ಕತ್ತಿನ ತನಕ ತುಂಬಿದ್ದು.
ನನ್ನ ನುಡಿಯಲ್ಲಿ ನಂಜುಂಡವನಿಗೆ
ಹೆಸರಿದೆ, ಗುಡಿಯಿದೆ, ವಾರಕ್ಕೊಂದು ಸೋಮವಾರವಿದೆ.
ಈ ಸಿಪ್ಪೆಗೆ ಹಿತ್ತಲ ಮೂಲೆ, ಮೇಲೊಂದು ಕಲ್ಲು.
ಕಚೇರಿಯವರು ಬಂದು ಒಯ್ಯುತ್ತಾರಂತೆ.
ಜನವರಿ ಅಂದಿದ್ದರು,
ಯಾವ ಜನವರಿ ಅಂತ ಅಂದಿರಲಿಲ್ಲ.

ಶನಿವಾರ ರಾತ್ರಿ ಬೋನ್ಸು ಬಂದ.
ಲೋಟ ಹಿಡಿಯಲು ಅವನಿಗೆ ಎರಡೂ ಕೈ ಬೇಕಾದವು,
ಆದರೂ ತುಳುಕಿತು.
ಕುಡಿದು, "ಯಾವ ಬಾವಿಯದು?" ಎಂದ.
"ನಿನ್ನ ನದಿಯದೇ."
ಮತ್ತೊಂದು ಲೋಟ ಅವನು ಕೇಳಲಿಲ್ಲ,
ಆಕೆಯೇ ತುಂಬಿಸಿದಳು.

ಬೆಳಿಗ್ಗೆ ಅವನು ಹೋದ ಮೇಲೆ ನೋಡಿದರೆ
ನೀಲಿ ಡ್ರಮ್ಮಿನ ಮೇಲಿನ ಕಲ್ಲು ನೆಲದಲ್ಲಿತ್ತು.
ಯಾರೋ ಮುಚ್ಚಳ ತೆಗೆದು, ಒಳಗೆ ನೋಡಿ,
ಸರಿಯಾಗಿ ಮುಚ್ಚಲು ಕೈ ಬಗ್ಗದೆ ಬಿಟ್ಟಿದ್ದರು.
ಆಕೆ ಮುಚ್ಚಿದಳು. ಕಲ್ಲಿಟ್ಟಳು.
ಸಿಪ್ಪೆ ತರಲು ಬುಟ್ಟಿ ಎತ್ತಿಕೊಂಡಳು.