ಅದೆಂಥ ಕೆರೆ

ನೈಲಾನ್ ಬಲೆಯ ಎರಡು ಮೂಟೆ ಹಿಂದಕ್ಕೆ ಬಿಗಿದು
ಮಲ್ಪೆಯಿಂದ ಹೊರಟವನ ಬೈಕು
ಸೂಳೆಕೆರೆ ಏರಿಯ ಮೇಲೆ ಕ್ಲಚ್ ವೈರ್ ಹರಿದುಕೊಂಡು ನಿಂತಿತು.
ಚನ್ನಗಿರಿಯಿಂದ ವೈರು ಬರುವುದು ನಾಳೆಯಂತೆ.
ನಾಳೆ ಅಂದರೆ ನಾಡಿದ್ದು ಎಂದು
ಮೆಕ್ಯಾನಿಕ್ಕಿನ ಮುಖದಲ್ಲೇ ಬರೆದಿತ್ತು.

ಮೊದಲು ಬಂದವಳು ಹಾಲಮ್ಮ,
ಸೊಂಟದ ಮೇಲೆ ತಮ್ಮ, ತಮ್ಮನ ಕೈಯಲ್ಲಿ ಅರ್ಧ ಬಿಸ್ಕತ್ತು.
ಆಮೇಲೆ ಮೈಲಾರಿ. ಮೆಹರೂನ್.
ಹೆಸರು ಹೇಳದೆ ಬರೀ ಹಾರ್ನ್ ಒತ್ತುತ್ತಿದ್ದ ಇನ್ನೊಬ್ಬ.
'ಯಾವೂರೋರು?'
'ಸಮುದ್ರದ ಕಡೆಯವನು.'
'ಇದೂ ಸಾಗರಾನೇ,' ಎಂದಳು ಹಾಲಮ್ಮ,
'ಶಾಂತಿಸಾಗರ. ಬೋರ್ಡೈತೆ ನೋಡ್ರಿ.'
ಬೋರ್ಡಿತ್ತು.

ಕಲ್ಲಿನ ಮೇಲೆ ಕೂತೆವು. ಗಾಳಿಗೆ ನೀರು
ದಡವನ್ನು ಮೆಲ್ಲಗೆ ತಟ್ಟುತ್ತಿತ್ತು.
ಅಲೆ ಎನ್ನಲು ನನ್ನ ನಾಲಿಗೆ ಒಪ್ಪಲಿಲ್ಲ;
ಅವರೂರಿನ ನೀರು, ಬಾಯಿ ಮುಚ್ಚಿಕೊಂಡೆ.

'ನಿಮ್ಮ ಸಮುದ್ರಾನ ಕಟ್ಟಿಸಿದೋರು ಯಾರು?'
'ಗೊತ್ತಿಲ್ಲ.'
'ನಮ್ಮದನ್ನ ಶಾಂತವ್ವ ಕಟ್ಟಿಸಿದ್ದು.'
ಮೈಲಾರಿಗೆ ನನ್ನ ಮೇಲೆ ಕನಿಕರ ಬಂದಂತಿತ್ತು.
'ಕೋಡಿ ಯಾವಾಗ ಬಿದ್ದಿತ್ತು?'
ಬಿದ್ದದ್ದು ಕೇಳಿಲ್ಲ.
'ಎಷ್ಟು ಊರಿನ ಗದ್ದೆಗೆ ಹೋಗುತ್ತೆ?'
ಒಂದಕ್ಕೂ ಇಲ್ಲ; ಉಪ್ಪು.
ಮೆಹರೂನ್ ನಂಬಲಿಲ್ಲ. 'ಅಷ್ಟು ನೀರಿಟ್ಕೊಂಡು
ಒಂದು ಲೋಟ ಕುಡಿಯಾಕೆ ಬರಲ್ಲಂದ್ರೆ
ಅದೆಂಥ ಕೆರೆ ರೀ ಅದು?'
ತೂಬು ಎಲ್ಲೈತೆ ಎಂದು ಕೇಳಿದವನು ಹಾರ್ನಿನ ಹುಡುಗ.
ಎರಡು ದಿನಕ್ಕೆ ಅವನಾಡಿದ್ದು ಅದೊಂದೇ ಮಾತು.

ಸಿದ್ಧನ ತೂಬು ತೋರಿಸಿದರು, ಬಗ್ಗಿ ನೋಡಲು ಬಿಡಲಿಲ್ಲ,
ಹೊಸಬರನ್ನು ಎಳೆದುಕೊಳ್ಳುತ್ತದಂತೆ.
ನಾನು ಬಲೆಯ ಗಂಟು ಹಾಕುವುದು ಕಲಿಸಿದೆ.
ಮೈಲಾರಿಯ ಗಂಟು ನನ್ನದಕ್ಕಿಂತ ಬಿಗಿ.
ಅವರಪ್ಪ ಇದೇ ಕೆರೆಯಲ್ಲಿ ಮೀನು ಹಿಡಿಯುವವನೆಂದು
ಆಮೇಲೆ ಗೊತ್ತಾಯಿತು; ಸುಮ್ಮನೆ ಕಲಿಸಿಕೊಂಡಿದ್ದ, ಕಳ್ಳ.
ಮಂಡಕ್ಕಿ ಪೊಟ್ಟಣಕ್ಕೆ ಐದು ಕೈ.
ಮಿರ್ಚಿ ಒಂದೇ ಇತ್ತು. ನೆಂಟನಿಗೆ ಎಂದರು.

ಹೊರಡುವ ಹೊತ್ತಿಗೆ ಹಾಲಮ್ಮ
ಪ್ಲಾಸ್ಟಿಕ್ ಬಾಟಲಿಯಲ್ಲಿ ಕೆರೆ ನೀರು ತುಂಬಿ ತಂದಳು.
'ಹುಯ್ಯಿರಿ ನಿಮ್ಮ ಸಮುದ್ರಕ್ಕೆ. ಒಂಚೂರು ಸಪ್ಪಗಾಗ್ಲಿ.'

ಘಟ್ಟದ ತಿರುವಲ್ಲಿ ಬಾಯಾರಿತು.
ಸುಳ್ಳು ಯಾಕೆ, ಅರ್ಧ ಕುಡಿದೆ.
ಉಳಿದರ್ಧ ಹಿಡಿದು ಧಕ್ಕೆಯ ತುದಿಗೆ ನಿಂತಿದ್ದೇನೆ ಈಗ,
ಬೋಟುಗಳು ಬಂದು ಹೋದವು, ಮುಚ್ಚಳ ಇನ್ನೂ ತೆಗೆದಿಲ್ಲ.
ನಲವತ್ತು ವರ್ಷ ನೋಡಿದ ನೀರು.
ಇದರ ತೂಬು ಎಲ್ಲಿರಬಹುದೆಂದು
ಈ ತುದಿಯಿಂದ ಆ ತುದಿಗೆ
ಹುಡುಕುತ್ತಿದ್ದೇನೆ.